ಅಪ್ಪನ ಖತಾವಣಿಗೆ ಹಾಕಿದ ಕೊಂಡಿ

ಸಂತೆಯ ದಿನ ಅಮೀನಗಡಕ್ಕೆ ಕುರಿಗಳ ದನಿಯಲ್ಲೇ ಬೆಳಗಾಗುತ್ತದೆ. ನಾನು ಚಿಕ್ಕವಳಿದ್ದಾಗ ಅದೇ ದಿನ ನೇಕಾರರಿಗೆ ಮಜೂರಿ ಬಟವಡೆಯೂ ಇರುತ್ತಿತ್ತು. ಅಪ್ಪ ಇಳಕಲ್ ಸೀರೆ ವ್ಯಾಪಾರದ ಒಂದು ಅಂಗಡಿಯಲ್ಲಿ ಗುಮಾಸ್ತ. ಸೂಳೇಭಾವಿಯಿಂದ, ಕಮತಗಿಯಿಂದ, ನಮ್ಮೂರಿನ ಓಣಿಗಳಿಂದ ನೇಕಾರರು ಮಡಿಚಿದ ಸೀರೆಗಳನ್ನು ಕಂಕುಳಲ್ಲಿ ಹಿಡಿದು ಬರುವರು. ಅಪ್ಪ ಗಾದಿಯ ಮೇಲೆ ಕೂತು ಕೆಂಪು ರಟ್ಟಿನ ಉದ್ದನೆಯ ಖತಾವಣಿ ತೆರೆಯುವರು. ಯಾರ ಹಾಳೆ ಎಲ್ಲಿದೆ ಎಂಬುದು ಅವರ ಹೆಬ್ಬೆರಳಿಗೆ ಗೊತ್ತಿತ್ತು. ಹಾಳೆ ಸಿಕ್ಕಮೇಲೆ ಸಾಲಿನ ಮೇಲೆ ಬೆರಳಾಡಿಸುತ್ತ, ಎದುರಿಗಿದ್ದವರಿಗೆ ಕೇಳುವಂತೆ ಜೋರಾಗಿ ಓದುವರು: ಹಾಸು ಕೊಟ್ಟದ್ದು ಇಷ್ಟು, ಸೀರೆ ಬಂದದ್ದು ಇಷ್ಟು, ಮುಂಗಡ ಇಷ್ಟು, ಉಳಿದದ್ದು ಇಷ್ಟು.

ಓದುವಷ್ಟು ಹೊತ್ತೂ ಅವರ ಪೆನ್ನು ಕಿವಿಯ ಮೇಲಿರುತ್ತಿತ್ತು. ನೇಕಾರ ‘ಹೌದ್ರಿ’ ಎಂದಮೇಲೆಯೇ ಅದು ಕೈಗಿಳಿಯುವುದು. ಬರೆದಾದ ಕೂಡಲೇ ಮತ್ತೆ ಕಿವಿಗೆ. ಇದನ್ನು ನಾನು ನೂರಾರು ಸಲ ನೋಡಿದ್ದೆ. ನೋಡಿದ್ದರ ಅರ್ಥ ತಿಳಿಯಲು ನನಗೆ ಒಂದು ತಪ್ಪು ಮಾಡಬೇಕಾಯಿತು.

ನಾನೀಗ ಊರಿನಲ್ಲೇ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಕಲಿಯಲು ಬರುವ ಹುಡುಗಿಯರು ಮೊದಲ ವಾರವೇ ಕೇಳುವ ಪ್ರಶ್ನೆ, ‘ಅಕ್ಕಾರ, ಡೇಟಾಬೇಸ್ ಅಂದ್ರ ಏನ್ರಿ?’ ನಾನು ಖತಾವಣಿಯನ್ನೇ ತೋರಿಸುತ್ತೇನೆ. ಒಂದೇ ಬಗೆಯ ಮಾಹಿತಿ, ಒಂದೇ ಬಗೆಯ ಮನೆಗಳಲ್ಲಿ, ಸಾಲುಸಾಲಾಗಿ. ಒಂದು ಸಾಲು ಎಂದರೆ ಒಂದು ದಾಖಲೆ. ಅದನ್ನು ಹುಡುಕಲು, ನೋಡಲು, ಹೊಸದು ಸೇರಿಸಲು, ಇದ್ದದ್ದನ್ನು ತಿದ್ದಲು ಒಂದು ಪ್ರೋಗ್ರಾಂ ಬೇಕು. ಬ್ಯಾಂಕಿನ ಕಿಟಕಿಯ ಹಿಂದೆ, ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯ ಚೀಟಿ ಮಾಡುವಲ್ಲಿ ನಡೆಯುವುದು ಈ ನಾಲ್ಕೇ ಕೆಲಸ. ಇಷ್ಟು ಸರಳವಾದದ್ದನ್ನು ಚೆನ್ನಾಗಿ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಬಾಗಲಕೋಟೆಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿಕೊಂಡು ಬಂದಾಗ ನನಗೆ ಗೊತ್ತಿದ್ದದ್ದು ಫಾಕ್ಸ್‌ಪ್ರೊ. ಅದರ ಹಿಂದಿನ ತಲೆಮಾರು ಡಿಬೇಸ್. 1970ರ ದಶಕದ ಕೊನೆಯಲ್ಲಿ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ವೇಯ್ನ್ ರ‍್ಯಾಟ್ಲಿಫ್ ಎಂಬ ಎಂಜಿನಿಯರು, ಫುಟ್‌ಬಾಲ್ ಪಂದ್ಯಗಳ ಫಲಿತಾಂಶ ಊಹಿಸುವ ಪಂತಕ್ಕೆ ಅಂಕಿಅಂಶ ಇಟ್ಟುಕೊಳ್ಳಲು ತನಗಾಗಿ ಬರೆದುಕೊಂಡ ಪ್ರೋಗ್ರಾಂ ಅದು. ಆಮೇಲೆ ಮಾರುಕಟ್ಟೆಗೆ ಬಂತು. ಸಣ್ಣ ಕಂಪ್ಯೂಟರ್ ಇರುವ ಯಾವ ಅಂಗಡಿಯವನಾದರೂ ತನ್ನ ಲೆಕ್ಕ ತಾನೇ ಇಟ್ಟುಕೊಳ್ಳಬಹುದು ಎಂಬ ಧೈರ್ಯವನ್ನು ಜಗತ್ತಿಗೆ ಕೊಟ್ಟದ್ದು ಅದೇ. ಅದರ ಆಜ್ಞೆಗಳು ಮಾತಿನಷ್ಟೇ ಸರಳ. ‘ಬ್ರೌಸ್’ ಎಂದು ಬರೆದರೆ ದಾಖಲೆಗಳೆಲ್ಲ ಕೋಷ್ಟಕದಂತೆ ಪರದೆಯ ಮೇಲೆ ಹರಡಿಕೊಳ್ಳುತ್ತವೆ. ‘ಎಡಿಟ್’ ಎಂದರೆ ಒಂದೇ ದಾಖಲೆ ಚೀಟಿಯಂತೆ ನಿಲ್ಲುತ್ತದೆ.

2001ರಲ್ಲಿ ಅಪ್ಪನ ಖತಾವಣಿಯ ನೂರಿಪ್ಪತ್ತು ಹಾಳೆಗಳನ್ನು ಅಂಗಡಿಯ ಕಂಪ್ಯೂಟರಿಗೆ ನಾನೇ ಏರಿಸಿದೆ. ನೋಡಲೂ ತಿದ್ದಲೂ ಬ್ರೌಸ್ ಒಂದೇ ಸಾಕು ಎಂದುಕೊಂಡೆ. ಬಾಣದ ಕೀಲಿ ಒತ್ತುತ್ತ ಸಾಲಿನಿಂದ ಸಾಲಿಗೆ ಇಳಿಯುವುದು, ಬೇಕಾದ ಮನೆಯಲ್ಲಿ ನಿಂತು ಟೈಪ್ ಮಾಡುವುದು. ಆ ಸಾಲು ಬಿಟ್ಟು ಮುಂದೆ ಹೋದರೆ ಬರೆದದ್ದು ಉಳಿದುಬಿಡುತ್ತದೆ. ಕೇಳುವವರಿಲ್ಲ, ಹೇಳುವವರಿಲ್ಲ.

ಎರಡು ತಿಂಗಳಾಗಿತ್ತು. ಸೂಳೇಭಾವಿಯ ಒಬ್ಬ ಹಿರಿಯರು ಬಟವಡೆಗೆ ಬಂದರು. ಅವರಿಗೆ ಮಜೂರಿ ಏನೂ ಹುಟ್ಟಲಿಲ್ಲ. ಪರದೆಯಲ್ಲಿ ಅವರ ಮುಂಗಡ ಇಪ್ಪತ್ತು ಸಾವಿರ ಎಂದಿತ್ತು. ಅವರು ಸಿಟ್ಟಾಗಲಿಲ್ಲ. ಪರದೆಯನ್ನೂ ನನ್ನನ್ನೂ ನೋಡಿ, ‘ಯವ್ವಾ, ನಾ ಒಯ್ದದ್ದು ಎರಡ ಸಾವಿರ. ಇಪ್ಪತ್ತ ಸಾವಿರ ಒಯ್ದಿದ್ರ ಮನಿ ಮ್ಯಾಲಿನ ಹಂಚರ ಬದಲಾಗತಿದ್ವಲ್ಲ’ ಎಂದರು. ಅಪ್ಪ ಹಳೆಯ ಖತಾವಣಿ ತೆಗೆದರು. ಎರಡು ಸಾವಿರವೇ. ಯಾವಾಗಲೋ ಯಾರೋ, ಬಹುಶಃ ನಾನೇ, ಆ ಮನೆಯ ಮೇಲೆ ಹಾದುಹೋಗುವಾಗ ಒಂದು ಸೊನ್ನೆ ಒತ್ತಿರಬೇಕು. ಯಾವ ದಿನ, ಯಾರ ಕೈ, ಮೊದಲು ಏನಿತ್ತು? ಕಂಪ್ಯೂಟರಿನಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ಹಳೆಯ ಅಂಕಿಯ ಮೇಲೆ ಹೊಸ ಅಂಕಿ ಕೂತಿತ್ತು. ಹಳೆಯದು ಎಲ್ಲೂ ಇಲ್ಲ.

ಆ ರಾತ್ರಿ ಅಪ್ಪ ಖತಾವಣಿಯ ಒಂದು ಹಾಳೆ ತೆರೆದು ನನ್ನ ಮುಂದಿಟ್ಟರು. ಅಲ್ಲೊಂದು ಕಡೆ ಅಂಕಿಯ ಮೇಲೆ ಸಣ್ಣ ಗೆರೆ, ಮೇಲುಗಡೆ ಸರಿಯಾದ ಅಂಕಿ, ಪಕ್ಕದಲ್ಲಿ ಅವರ ಸಹಿ, ತಾರೀಕು. ‘ಚೂಕ್ ಆಗತೈತಿ. ಆದ್ರ ಅಳಿಸಬಾರದು. ಒಂದ ಗೆರಿ ಎಳದು ಮ್ಯಾಲ ಬರಿಬೇಕು. ಕೆಳಗಿಂದು ಓದಾಕ ಬರಬೇಕು’ ಎಂದರು. ಅಂಗಡಿಯ ಲೆಕ್ಕ ಮರುವಾರ ಕಾಗದಕ್ಕೆ ಮರಳಿತು. ನನಗೆ ಅದರ ಬಗ್ಗೆ ಬೇಸರವಿಲ್ಲ. ಬಡವನ ಮಜೂರಿ ನಿಲ್ಲಿಸಿದ ಪ್ರೋಗ್ರಾಂ ಎಷ್ಟು ಚೆಂದ ಕಂಡರೇನು?

ಅದೇ ವರ್ಷಗಳಲ್ಲಿ ನಮ್ಮ ರಾಜ್ಯದಲ್ಲಿ, ದಾಖಲೆಯನ್ನು ಯಾರು ಹೇಗೆ ತಿದ್ದಬೇಕು ಎಂಬ ಇದೇ ಪ್ರಶ್ನೆಯನ್ನು ಬಹಳ ದೊಡ್ಡ ಅಳತೆಯಲ್ಲಿ ಬಿಡಿಸುತ್ತಿದ್ದರು. ‘ಭೂಮಿ’ ಯೋಜನೆ. ಪಹಣಿ, ನಮ್ಮ ಕಡೆಯ ಮಾತಿನಲ್ಲಿ ಉತಾರ, ಅಲ್ಲಿಯವರೆಗೆ ತಲಾಟಿಯ, ಅಂದರೆ ಗ್ರಾಮ ಲೆಕ್ಕಿಗರ, ದಪ್ತರದೊಳಗಿತ್ತು. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಗ್ರಾಮ ಲೆಕ್ಕಿಗರು, ಅವರ ಕೈಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿಗೆ ಯಾರಿಗಾದರೂ ಮುದ್ರಿಸಿ ಕೊಡುವಂತೆ ಮಾಡಿದರು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಜನ ಹೊಗಳಿದ್ದು ಬೇಗ ಸಿಗುವ ಉತಾರವನ್ನು. ಪ್ರೋಗ್ರಾಂ ಬರೆಯುವವಳಾಗಿ ನನಗೆ ಹಿಡಿಸಿದ್ದು ಅದರ ತಿದ್ದುವ ಬಾಗಿಲು. ಪಹಣಿಯ 9ನೇ ಕಲಮಿನಲ್ಲಿ ಖಾತೇದಾರನ ಹೆಸರಿರುತ್ತದೆ. ಅದನ್ನು ನೋಡುವುದು ಯಾರಿಗೂ ಸಲೀಸು. ಆದರೆ ಆ ಹೆಸರಿನ ಮೇಲೆ ಹೋಗಿ ನಿಂತು ಬೇರೆ ಹೆಸರು ಟೈಪ್ ಮಾಡುವ ದಾರಿಯನ್ನೇ ಇಟ್ಟಿಲ್ಲ. ಬದಲಾಯಿಸಬೇಕಾದರೆ ಮ್ಯುಟೇಶನ್ ಅರ್ಜಿ ಬೀಳಬೇಕು, ಅದಕ್ಕೊಂದು ಸಂಖ್ಯೆ ಹುಟ್ಟಬೇಕು, ನೋಟಿಸು ಹೊರಟು ಆಕ್ಷೇಪಣೆಗೆ ಕಾಯಬೇಕು (ಆಗ ಅದು ಮೂವತ್ತು ದಿನ), ಕಂದಾಯ ನಿರೀಕ್ಷಕರ ಆದೇಶವಾಗಬೇಕು. ಆಮೇಲೆಯೇ ಹೊಸ ಹೆಸರು ಒಳಗೆ ಹೋಗುವುದು. ಕಂಪ್ಯೂಟರಿನ ಮುಂದೆ ಕೂತವರು ಬೆರಳಚ್ಚು ಕೊಟ್ಟೇ ಒಳಗೆ ಬರಬೇಕು, ಹಾಗಾಗಿ ಯಾರ ಕೈ ಎಂಬುದು ದಾಖಲಾಗುತ್ತದೆ. ಅರ್ಜಿಗಳು ಬಂದ ಸಾಲಿನಲ್ಲೇ ಮುಂದೆ ಸಾಗಬೇಕು, ಬೇಕಾದವರದ್ದನ್ನು ಮೊದಲು ಎತ್ತಿಕೊಳ್ಳುವ ಹಾಗಿಲ್ಲ. ಒಂದು ಹೊಲದ ಉತಾರಕ್ಕೂ ಅಪ್ಪನ ಕಿವಿಯ ಮೇಲಿನ ಪೆನ್ನಿಗೂ ಇರುವ ಸಂಬಂಧ ನನಗೆ ಹೊಳೆದದ್ದು ಹುನಗುಂದದ ತಹಸೀಲ್ದಾರ್ ಕಚೇರಿಯಲ್ಲಿ ಉತಾರದ ಸಾಲಿನಲ್ಲಿ ನಿಂತಾಗಲೇ. ನೋಡುವುದು ಬೇರೆ ಕೆಲಸ, ತಿದ್ದುವುದು ಬೇರೆ ಕೆಲಸ. ಎರಡಕ್ಕೂ ಒಂದೇ ಬಾಗಿಲು ಇಡಬಾರದು.

ಹತ್ತು ವರ್ಷ ಕಳೆದಮೇಲೆ ಅಂಗಡಿಯ ಸಾಹುಕಾರರ ಮಗ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲು ಮತ್ತೆ ಕೇಳಿದ. ಅಪ್ಪನಿಗೆ ಕಣ್ಣು ಮಂಜಾಗಿತ್ತು. ಈ ಸಲ ನಾನು ಕೋಡ್ ಬರೆಯುವ ಮುಂಚೆ ಒಂದು ತಿಂಗಳು ಅಪ್ಪನ ಪಕ್ಕ ಸುಮ್ಮನೆ ಕೂತೆ. ಅವರು ಏನು ಹುಡುಕುತ್ತಾರೆ, ಎಷ್ಟು ಸಲ ನೋಡುತ್ತಾರೆ, ಎಷ್ಟು ಸಲ ಬರೆಯುತ್ತಾರೆ ಎಂದು ಎಣಿಸಿದೆ. ಹತ್ತು ಸಲ ನೋಡಿದರೆ ಒಂದು ಸಲ ಬರೆಯುತ್ತಿದ್ದರು. ಬರೆದದ್ದನ್ನು ತಿದ್ದಿದ್ದು ಆ ತಿಂಗಳಲ್ಲಿ ಮೂರೇ ಸಲ.

ಹೊಸ ಪ್ರೋಗ್ರಾಮಿಗೆ ಎರಡೇ ಪರದೆ ಇಟ್ಟೆ. ಮೊದಲನೆಯದು ಪಟ್ಟಿ. ಹೆಸರಿನ ಎರಡಕ್ಷರ ಒತ್ತಿದರೆ ಪಟ್ಟಿ ಅಷ್ಟಕ್ಕೇ ಕುಗ್ಗುತ್ತದೆ. ಒಂದು ಹೆಸರು ಆರಿಸಿದರೆ ಎರಡನೆಯ ಪರದೆ, ಆ ನೇಕಾರರ ಹಾಳೆ. ಅಲ್ಲಿ ಯಾವ ಕೀಲಿ ಒತ್ತಿದರೂ ಏನೂ ಬದಲಾಗುವುದಿಲ್ಲ. ‘ತಿದ್ದು’ ಎಂಬ ಗುಂಡಿ ಒತ್ತಿದರೆ ಮಾತ್ರ ಮನೆಗಳ ಬಣ್ಣ ಹಳದಿಯಾಗುತ್ತದೆ. ಪೆನ್ನು ಕೈಗೆ ಬಂತು ಎಂದು ಅರ್ಥ. ಕೆಳಗೆ ಎರಡು ಗುಂಡಿ: ‘ಉಳಿಸು’, ‘ಬ್ಯಾಡ ಬಿಡು’. ಎರಡನೆಯದಕ್ಕೆ ನಾನು ‘ರದ್ದು’ ಎಂದು ಹೆಸರಿಟ್ಟಿದ್ದೆ. ಅಂಗಡಿಯ ಹುಡುಗ ಅದನ್ನು ನೋಡಿ, ಒತ್ತಿದರೆ ಖಾತೆಯೇ ರದ್ದಾಗುತ್ತದೆ ಎಂದು ಹೆದರಿ ಕೈ ಹಿಂದೆಗೆದ. ಅಂದೇ ಬದಲಿಸಿದೆ. ಗುಂಡಿಯ ಮೇಲಿನ ಮಾತು ಒತ್ತುವವರ ಬಾಯಲ್ಲಿ ಇರುವ ಮಾತೇ ಆಗಬೇಕು.

ತಲೆಬರಹದಲ್ಲಿರುವ ಕೊಂಡಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಡೇಟಾಬೇಸಿನ ಜೀವ ಅಲ್ಲಿದೆ. ಇಳಕಲ್ ಸೀರೆಯನ್ನು ಒಂದೇ ಹಾಸಿನಲ್ಲಿ ನೇಯುವುದಿಲ್ಲ. ಒಡಲಿನ ಹಾಸು ಬೇರೆ, ಕೆಂಪು ರೇಷ್ಮೆಯ ಸೆರಗಿನ ಹಾಸು ಬೇರೆ. ಎರಡನ್ನೂ ಬೇರೆಬೇರೆ ಸಿದ್ಧಮಾಡಿ, ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯ ಕುಣಿಕೆ ಸೇರಿಸಿ ಜೋಡಿಸುತ್ತಾರೆ. ಅದೇ ಕೊಂಡಿ. ಟೋಪ ತೆನಿ ಸೆರಗು ಒಡಲಿಗೆ ಕೂಡಿಕೊಳ್ಳುವುದು ಹಾಗೆ. ಬಹಳ ಮನೆಗಳಲ್ಲಿ ಈ ಕೆಲಸ ಹೆಣ್ಣುಮಕ್ಕಳದು. ಒಂದು ಎಳೆ ತಪ್ಪಿದರೂ ಸೀರೆಯಲ್ಲಿ ಕಾಣುತ್ತದೆ.

ನನ್ನ ಮೊದಲ ಪ್ರೋಗ್ರಾಮಿನಲ್ಲಿ ಎಲ್ಲವೂ ಒಂದೇ ಕೋಷ್ಟಕ. ಪ್ರತಿ ಸೀರೆಯ ಸಾಲಿನಲ್ಲೂ ನೇಕಾರರ ಹೆಸರು, ಊರು, ಓಣಿ ಮತ್ತೆ ಮತ್ತೆ. ಯಾರಾದರೂ ಕಮತಗಿ ಬಿಟ್ಟು ಅಮೀನಗಡಕ್ಕೆ ಬಂದರೆ ನಲವತ್ತು ಸಾಲು ತಿದ್ದಬೇಕು. ಮೂವತ್ತೊಂಬತ್ತು ತಿದ್ದಿ ಒಂದನ್ನು ಮರೆತರೆ ಒಬ್ಬ ಮನುಷ್ಯ ಎರಡೂರಿನವನಾಗುತ್ತಾನೆ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞ ಇದಕ್ಕೆ ದಾರಿ ತೋರಿಸಿದ. ಬೇರೆಬೇರೆ ಸಂಗತಿಗಳನ್ನು ಬೇರೆಬೇರೆ ಕೋಷ್ಟಕದಲ್ಲಿಡಿ, ಒಂದು ಮೌಲ್ಯದ ಮೂಲಕ ಅವನ್ನು ಜೋಡಿಸಿ. ಅವನ ಲೇಖನದ ಭಾಷೆ ಕಠಿಣ, ಆದರೆ ತಿರುಳು ನಮ್ಮ ಮಗ್ಗದಲ್ಲಿದೆ. ಈ ಸಲ ನೇಕಾರರದ್ದು ಒಂದು ಕೋಷ್ಟಕ: ಸಂಖ್ಯೆ, ಹೆಸರು, ಊರು, ಓಣಿ. ಕೊಟ್ಟು ತಂದದ್ದರದು ಇನ್ನೊಂದು: ತಾರೀಕು, ಏನು, ಎಷ್ಟು, ಯಾರ ಸಂಖ್ಯೆ. ಎರಡರಲ್ಲೂ ಇರುವ ಆ ಸಂಖ್ಯೆಯೇ ಕೊಂಡಿ. ಊರು ಬದಲಾದರೆ ಒಂದೇ ಜಾಗದಲ್ಲಿ ತಿದ್ದಿದರಾಯಿತು.

ಸಂಖ್ಯೆ ಏಕೆ, ಹೆಸರೇ ಕೊಂಡಿಯಾಗಬಾರದೇ? ನಮ್ಮ ಕಡೆ ಆಗದು. ಒಂದೇ ಓಣಿಯಲ್ಲಿ ನಾಲ್ಕು ಮಂದಿ ಹಣಮಂತ. ಅಪ್ಪ ಅವರನ್ನು ‘ಬಾವಿ ಮುಂದಿನ’, ‘ಗುಡಿ ಹಿಂದಿನ’ ಎಂದು ಗುರುತಿಸುತ್ತಿದ್ದರು. ಮೇಲಾಗಿ ಒಬ್ಬನೇ ಮನುಷ್ಯ ಒಂದು ಕಾಗದದಲ್ಲಿ ಹನುಮಂತ, ಇನ್ನೊಂದರಲ್ಲಿ ಹಣಮಂತ, ಮತ್ತೊಂದರಲ್ಲಿ ಹನಮಂತ. ಸಂಖ್ಯೆ ಕೊಟ್ಟರೆ ಜೋಡಣೆಯ ತೊಂದರೆ ತೀರಿತು, ಹುಡುಕುವ ತೊಂದರೆ ತೀರಲಿಲ್ಲ. ಹಣಮಂತ ಎಂದು ಟೈಪ್ ಮಾಡಿದವರಿಗೆ ಹನುಮಂತನೂ ಸಿಗಬೇಕಲ್ಲ? ಅದಕ್ಕೆ ಹುಡುಕಲೆಂದೇ ಒಂದು ಮರೆಯ ಕಲಮು ಇಟ್ಟೆ. ಅದರಲ್ಲಿ ಣಕಾರ ನಕಾರವಾಗುತ್ತದೆ, ಶ ಷ ಸ ಮೂರೂ ಒಂದಾಗುತ್ತವೆ, ದೀರ್ಘ ಹ್ರಸ್ವವಾಗುತ್ತದೆ, ನಡುವಿನ ಉಕಾರ ಬಿದ್ದುಹೋಗುತ್ತದೆ. ಪರದೆಯಲ್ಲಿ ಕಾಣುವುದು ಮಾತ್ರ ಅವರವರು ಬರೆಸಿದ ಹೆಸರೇ. ಹೆಸರನ್ನು ‘ಸರಿಪಡಿಸುವ’ ಹಕ್ಕು ಪ್ರೋಗ್ರಾಂ ಬರೆಯುವವರಿಗಿಲ್ಲ.

ಕನ್ನಡದ ಇನ್ನೊಂದು ಸೂಕ್ಷ್ಮ ನನ್ನ ಮೂರು ರಾತ್ರಿ ತಿಂದಿತು. 2001ರಲ್ಲಿ ನಾವು ಬರೆಯುತ್ತಿದ್ದದ್ದು ಹಳೆಯ ಫಾಂಟಿನ ಸಂಕೇತದಲ್ಲಿ. ಪರದೆಯಲ್ಲಿ ಕನ್ನಡ ಕಂಡರೂ ಒಳಗಿದ್ದದ್ದು ಇಂಗ್ಲಿಷ್ ಅಕ್ಷರಗಳಿಗೆಂದು ಮಾಡಿದ ಜಾಗಗಳಲ್ಲಿ ಕೂರಿಸಿದ ಅಕ್ಷರದ ತುಂಡುಗಳು. ಹಾಗಾಗಿ ಅಕಾರಾದಿ ಮಾಡಿದರೆ ಕಕಾರದ ಹೆಸರುಗಳು ಮೂರು ಕಡೆ ಚದುರಿ ಬೀಳುತ್ತಿದ್ದವು. ಯೂನಿಕೋಡ್ ಬಂದಮೇಲೆ ಆ ಕಷ್ಟ ಹೋಯಿತು, ಆದರೆ ಪೂರ್ತಿ ಹೋಗಲಿಲ್ಲ. ‘ಕೊಂಡಿ’ ಎಂಬ ಪದವನ್ನೇ ನೋಡಿ. ಮೊದಲ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಎರಡು ಸಂಕೇತವಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಪದ. ಒಂದು ಕೀಲಿಮಣೆಯಲ್ಲಿ ಬರೆದದ್ದು ಇನ್ನೊಂದರಲ್ಲಿ ಹುಡುಕಿದರೆ ಸಿಗದು. ಉಳಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಕ್ರಮ ಯೂನಿಕೋಡಿನಲ್ಲೇ ಇದೆ. ಒಂದು ಸಾಲಿನ ಕೋಡ್ ಸಾಕು. ಆ ಒಂದು ಸಾಲಿಲ್ಲದೆ ಎಷ್ಟೋ ಕಡೆ ‘ನಿಮ್ಮ ಹೆಸರಿಲ್ಲ’ ಎಂದು ನಮ್ಮ ಜನರನ್ನು ವಾಪಸು ಕಳಿಸುತ್ತಿದ್ದಾರೆ ಎಂದು ನನಗೆ ಸಂಕಟವಾಗುತ್ತದೆ.

ತಾರೀಕಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವ್ಯಾಪಾರಸ್ಥರ ವರ್ಷ ದೀಪಾವಳಿ ಪಾಡ್ಯಕ್ಕೆ, ಸರಕಾರದ್ದು ಏಪ್ರಿಲಿಗೆ. ಒಳಗೆ ವರ್ಷ, ತಿಂಗಳು, ದಿನ ಎಂಬ ಒಂದೇ ಕ್ರಮದಲ್ಲಿಟ್ಟು, ಹೊರಗೆ ಬೇಕಾದವರಿಗೆ ಬೇಕಾದ ಹಾಗೆ ತೋರಿಸಿದೆ. ನಮ್ಮ ನೆರೆಯ ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ರವಿಕೀರ್ತಿ ಒಂದೇ ಕಾಲವನ್ನು ಎರಡು ಎಣಿಕೆಯಲ್ಲಿ ಹೇಳಿದ್ದಾನೆ: ಭಾರತ ಯುದ್ಧದಿಂದ 3735, ಶಕ 556. ನಮ್ಮ ಲೆಕ್ಕದಲ್ಲಿ ಕ್ರಿ.ಶ. 634. ಹುಡುಗಿಯರನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ನಾನು ಮೊದಲು ತೋರಿಸುವುದು ಆ ಸಾಲನ್ನೇ.

ಬಾಕಿ ಎಂಬ ಕಲಮನ್ನು ನಾನು ಇಡಲೇ ಇಲ್ಲ. ಸಾಹುಕಾರರ ಮಗನಿಗೆ ಇದು ವಿಚಿತ್ರವಾಗಿ ಕಂಡಿತು. ಆದರೆ ಬಾಕಿ ಎಂಬುದು ಬರೆದಿಡುವ ಸಂಗತಿಯಲ್ಲ, ಕೂಡಿ ಕಳೆದು ಬರುವ ಸಂಗತಿ. ಕೊಟ್ಟದ್ದರ ನಾಮೆ, ಬಂದದ್ದರ ಜಮೆ ಎರಡೂ ಇವೆಯಲ್ಲ. ಹಾಳೆ ತೆರೆದಾಗಲೆಲ್ಲ ಕಂಪ್ಯೂಟರ್ ಕೂಡಿಸಿ ತೋರಿಸಲಿ. ಬಾಕಿಯನ್ನೂ ಬರೆದಿಟ್ಟರೆ ಒಂದು ದಿನ ಅದು ಒಂದು ಹೇಳುತ್ತದೆ, ಸಾಲುಗಳು ಇನ್ನೊಂದು ಹೇಳುತ್ತವೆ. ಆಗ ನಂಬುವುದು ಯಾವುದನ್ನು?

ನಮ್ಮೂರಲ್ಲಿ ಕರೆಂಟು ಹೇಳಿ ಹೋಗುವುದಿಲ್ಲ. ಸೀರೆ ಜಮೆಯಾಗಿ, ಮಜೂರಿ ಏರುವ ಮುಂಚೆ ದೀಪ ಹೋದರೆ? ಈ ಭಯಕ್ಕೆ ನಾನು ಆರಿಸಿಕೊಂಡದ್ದು ಎಸ್‌ಕ್ಯೂಲೈಟ್. ರಿಚರ್ಡ್ ಹಿಪ್ ಎಂಬಾತ 2000ದಲ್ಲಿ ಹೊರತಂದ ಪುಟ್ಟ ಡೇಟಾಬೇಸ್. ಇಂದು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲೂ ಅದೇ ಇದೆ. ಅದು ಯಾವುದೇ ಪುಟವನ್ನು ಮುಟ್ಟುವ ಮೊದಲು ಹಳೆಯ ಪುಟದ ಪ್ರತಿಯನ್ನು ಪಕ್ಕದ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ, ಮರಳಿ ಬಂದಾಗ ಆ ಪ್ರತಿಯನ್ನು ನೋಡಿ ಮೊದಲಿದ್ದಂತೆ ಮಾಡುತ್ತದೆ. ಸೀರೆ, ಮಜೂರಿ ಎರಡೂ ಸೇರುತ್ತವೆ, ಇಲ್ಲವೇ ಎರಡೂ ಇಲ್ಲ.

ಇಬ್ಬರು ಒಂದೇ ಹಾಳೆ ತಿದ್ದುವ ಪೇಚು ಅಂಗಡಿಗೆ ಎರಡನೆಯ ಕಂಪ್ಯೂಟರ್ ಬಂದಮೇಲೆ ಎದುರಾಯಿತು. ಗಾದಿಯಲ್ಲಿ ಒಬ್ಬರು, ಒಳಗೆ ನೂಲಿನ ಕೋಣೆಯಲ್ಲಿ ಒಬ್ಬರು. ಇಬ್ಬರೂ ಒಂದೇ ದಾಖಲೆ ತೆರೆದರು. ಇವರು ಓಣಿ ತಿದ್ದಿದರು, ಅವರು ಫೋನ್ ಸಂಖ್ಯೆ ತಿದ್ದಿದರು. ಆಮೇಲೆ ಉಳಿಸಿದವರ ಪ್ರತಿ ಮೊದಲಿನವರ ತಿದ್ದುಪಡಿಯನ್ನು ನುಂಗಿಬಿಟ್ಟಿತು. ಈಗ ಪ್ರತಿ ದಾಖಲೆಗೂ ತಿದ್ದಿದ ಎಣಿಕೆ ಎಂಬ ಒಂದು ಅಂಕಿ ಇದೆ. ತೆರೆದಾಗ ಐದಿದ್ದದ್ದು ಉಳಿಸುವಾಗ ಆರಾಗಿದ್ದರೆ ಪ್ರೋಗ್ರಾಂ ನಿಲ್ಲುತ್ತದೆ: ‘ನೀವು ನೋಡುವಾಗಲೇ ಬೇರೆಯವರು ಇದನ್ನ ತಿದ್ದ್ಯಾರ. ಹೊಸದನ್ನ ನೋಡಿ ಮತ್ತ ಬರೀರಿ.’

ಇನ್ನು ಅಳಿಸುವುದು. ಡಿಬೇಸಿನಲ್ಲಿ ನನಗೆ ಬಹಳ ಇಷ್ಟವಾದ ಒಂದು ಗುಣವಿತ್ತು. ‘ಡಿಲೀಟ್’ ಎಂದರೆ ದಾಖಲೆ ಹೋಗುತ್ತಿರಲಿಲ್ಲ. ಅದರ ತಲೆಯ ಮೇಲೆ ಒಂದು ನಕ್ಷತ್ರ ಬೀಳುತ್ತಿತ್ತು ಅಷ್ಟೆ. ‘ರೀಕಾಲ್’ ಎಂದರೆ ನಕ್ಷತ್ರ ಹೋಗಿ ದಾಖಲೆ ಮರಳುವುದು. ‘ಪ್ಯಾಕ್’ ಎಂದಮೇಲೆಯೇ ನಿಜವಾಗಿ ಕಳಚಿ ಹೋಗುವುದು. ನನ್ನ ಪ್ರೋಗ್ರಾಮಿನಲ್ಲಿ ಪ್ಯಾಕ್ ಇಲ್ಲ. ತಿದ್ದಿದ ಪ್ರತಿಯೊಂದು ಅಂಕಿಯೂ ಮೂರನೆಯ ಕೋಷ್ಟಕವೊಂದಕ್ಕೆ ಹೋಗುತ್ತದೆ: ಯಾವ ಸಾಲು, ಮೊದಲು ಏನಿತ್ತು, ಈಗ ಏನು, ಯಾರು, ಯಾವಾಗ, ಏಕೆ. ‘ಏಕೆ’ ಖಾಲಿಯಿದ್ದರೆ ‘ಉಳಿಸು’ ಗುಂಡಿ ಒತ್ತಿಸಿಕೊಳ್ಳುವುದಿಲ್ಲ. ಹಾಳೆಯ ಮೇಲೆ ಹಳೆಯ ಅಂಕಿ ಮಸುಕಾಗಿ, ನಡುವೆ ಒಂದು ಗೆರೆಯೊಡನೆ ಕಾಣುತ್ತದೆ. ಮೇಲೆ ಹೊಸದು.

2012ರ ನವೆಂಬರ್ 14, ದೀಪಾವಳಿ ಪಾಡ್ಯ. ಖಾತೆ ಪೂಜೆಗೆ ಹೊಸ ಖತಾವಣಿಯ ಪಕ್ಕ ಕಂಪ್ಯೂಟರಿಗೂ ಅರಿಶಿನ ಕುಂಕುಮ ಇಟ್ಟರು. ಒಂದು ವರ್ಷ ಎರಡರಲ್ಲೂ ಬರೆದೆವು. ಪ್ರತಿ ಅಮಾವಾಸ್ಯೆಗೆ ಅಪ್ಪ ಕಾಗದದಿಂದ ಓದುವರು, ನಾನು ಪರದೆಯಿಂದ ಓದುವೆ. ಮುಂದಿನ ಪಾಡ್ಯಕ್ಕೆ ಅವರು ಹೊಸ ಖತಾವಣಿ ತರಿಸಲಿಲ್ಲ. ಬಾಯಿಬಿಟ್ಟು ಏನೂ ಹೇಳಲಿಲ್ಲ.

ಹೋದ ವರ್ಷ ಸೂಳೇಭಾವಿಯ ಆ ಹಿರಿಯರ ಹೆಂಡತಿ ಅಂಗಡಿಗೆ ಬಂದಿದ್ದರು. ಯಜಮಾನರು ತೀರಿಕೊಂಡು ಆರು ತಿಂಗಳಾಗಿತ್ತು. ಎಷ್ಟೋ ವರ್ಷ ಅವರ ಸೀರೆಗಳಿಗೆ ಕೊಂಡಿ ಹಾಕಿದ ಕೈ ಈಕೆಯದು. ಯಜಮಾನರ ಖಾತೆ ತಮ್ಮ ಹೆಸರಿಗೆ ಆಗುವ ಮುಂಚೆ ಅದರ ಪ್ರತಿ ಬೇಕು ಎಂದರು. ಗಾದಿಯಲ್ಲಿದ್ದ ಹುಡುಗ ಹಾಳೆ ತೆರೆದ. ನಡುವೆ ಒಂದು ಕಡೆ ಗೆರೆ ಎಳೆದ ಅಂಕಿ ಇತ್ತು; ಎಂದೋ ಎರಡು ಸೀರೆಯನ್ನು ಒಂದು ಎಂದು ಬರೆದು, ಅದೇ ಸಂಜೆ ತಿದ್ದಿದ್ದು. ಮುದ್ರಣ ಅಚ್ಚುಕಟ್ಟಾಗಿರಲಿ ಎಂದು ಅವನು ತಿದ್ದುಪಡಿಗಳನ್ನು ಮರೆಮಾಡಿ ಒಂದು ಪ್ರತಿ ತೆಗೆದು ಕೊಟ್ಟ. ಆಕೆ ಪರದೆಯನ್ನೂ ಕಾಗದವನ್ನೂ ಎರಡು ಸಲ ನೋಡಿದರು.

‘ತಂಗಿ, ಇದರಾಗ ಹೊಡದದ್ದು ಇಲ್ಲಲ್ಲವಾ’ ಎಂದು ನನ್ನ ಕಡೆ ತಿರುಗಿದರು. ‘ಅದೂ ಬರಲಿ. ನಮ್ಮ ಮನಿಯವ್ರು ಇದ್ದಿದ್ರ ಮೊದಲ ಅದನ್ನ ಹುಡುಕತಿದ್ರು.’

ನಾನು ಹುಡುಗನ ಪಕ್ಕ ಕೂತು ಇನ್ನೊಂದು ಪ್ರತಿ ತೆಗೆದೆ. ಗೆರೆ, ಅದರ ಕೆಳಗಿನ ಅಂಕಿ, ಪಕ್ಕದಲ್ಲಿ ಅಪ್ಪನ ಹೆಸರು, ತಾರೀಕು. ಆಕೆ ಅದನ್ನು ನಾಲ್ಕಾಗಿ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡು, ಸೂಳೇಭಾವಿಯ ಟಂಟಂ ಹಿಡಿಯಲು ಹೊರಟರು.